ದೋಮಿಯೆಯ ‘ವೀನಸ್’ ಹಾಳೆ ರಿಪೇರಿ, ಎರಡೂ ಮಗ್ಗುಲು ಕಾಣುವ ಚೌಕಟ್ಟು

ಕೈಗೆ ಬಂದದ್ದು 1864ರ ಒಂದು ಫ್ರೆಂಚ್ ಪತ್ರಿಕೆಯ ಹಾಳೆ. ಒಂದು ಮಗ್ಗುಲಲ್ಲಿ ಒನೊರೆ ದೋಮಿಯೆಯ ಲಿಥೋ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ) ವ್ಯಂಗ್ಯಚಿತ್ರ, ಇನ್ನೊಂದು ಮಗ್ಗುಲಲ್ಲಿ ಮೊಳೆ ಅಚ್ಚಿನ ಸುದ್ದಿ ಕಾಲಂಗಳು. ಹಿಂದೆ ಯಾರೋ ಇದನ್ನು ಅಗ್ಗದ ರಟ್ಟಿಗೆ ಟೇಪು ಹಾಕಿ ಅಂಟಿಸಿದ್ದರು. ಕೆಳಗಿನ ಅಂಚು ಹರಿದಿತ್ತು. ಅದನ್ನು ಬಿಡಿಸಿ, ಹರಿದದ್ದನ್ನು ಸೇರಿಸಿ, ಹಿಂದು ಮುಂದು ಎರಡೂ ಓದಲು ಬರುವಂತೆ ಚೌಕಟ್ಟು ಹಾಕಬೇಕಿತ್ತು. ಅದು ಮುಗಿದಿದೆ. ಅದರ ಜೊತೆಗೇ ಬಂದ ಎರಡನೇ ಚಿತ್ರದಲ್ಲಿ ಇನ್ನೂ ಸಿಕ್ಕಿಕೊಂಡಿದ್ದೇನೆ. ಅದು ಕೊನೆಗೆ.

1. ಏನು ಸಿಕ್ಕಿತು

ತಂಗಿ ಪ್ಯಾರಿಸ್‌ನಿಂದ ಬರುವಾಗ ಸೇನ್ ನದಿ ದಂಡೆಯ ಹಸಿರು ಪೆಟ್ಟಿಗೆ ಅಂಗಡಿಗಳಲ್ಲಿ ಹುಡುಕಿ ತಂದಳು. ಎರಡು ಚಿತ್ರ, ಜೊತೆಗೆ ಅದೇ ಪತ್ರಿಕೆಯ ಬರೀ ಅಕ್ಷರವಿರುವ ಕೆಲವು ಬಿಡಿ ಹಾಳೆ, ಎಲ್ಲಾ ಸೇರಿ 70 ಯೂರೋ. ಆ ಬಿಡಿ ಹಾಳೆಗಳನ್ನು ಅಂಗಡಿಯವರು ಸುಮ್ನೆ ಕೊಟ್ಟರಂತೆ. ಆಮೇಲೆ ನನ್ನನ್ನು ಕಾಪಾಡಿದ್ದು ಅವೇ.

ಪತ್ರಿಕೆ ‘ಲ ಶಾರಿವಾರಿ’. ಶಾರ್ಲ್ ಫಿಲಿಪೋನ್ 1832ರಲ್ಲಿ ಶುರು ಮಾಡಿದ ದಿನಪತ್ರಿಕೆ. ಸುದ್ದಿಯ ಜೊತೆಗೆ ಲಿಥೋ ಚಿತ್ರ ಹಾಕುವುದೇ ಅದರ ಹೆಚ್ಚುಗಾರಿಕೆ. ದೊರೆ ಲೂಯಿ ಫಿಲಿಪ್‌ನನ್ನು ಹೊಟ್ಟೆಬಾಕನಂತೆ ಬರೆದು 1832ರಲ್ಲಿ ಜೈಲಿಗೆ ಹೋದವನು ದೋಮಿಯೆ. 1835ರ ಕಾನೂನು ರಾಜಕೀಯ ಚಿತ್ರಗಳ ಬಾಯಿ ಕಟ್ಟಿದ ಮೇಲೆ ವಕೀಲರು, ಮನೆಮಾಲೀಕರು, ಚಿತ್ರ ನೋಡಲು ಬರುವ ಜನ, ಚಿತ್ರ ಬರೆಯುವ ಜನ ಎಲ್ಲರೂ ಅವನ ಕಲ್ಲಿನ ಮೇಲೆ ಬಂದರು. ಸುಮಾರು 4,000 ಲಿಥೋ ಮಾಡಿದ್ದಾನೆ. 1860ರಲ್ಲಿ ಪತ್ರಿಕೆ ಅವನನ್ನು ಬಿಟ್ಟಿತ್ತು. 1863ರ ಕೊನೆಗೆ ವಾಪಸ್ ಕರೆಯಿತು. ನನ್ನ ಹಾಳೆ ಅದಾದ ಕೆಲವೇ ತಿಂಗಳಿನದು, 1864ರ ಮೇ.

ಚಿತ್ರದಲ್ಲಿ ಇಬ್ಬರು ಹೆಂಗಸರು. ತಲೆಗೆ ಬಾನೆಟ್, ಮುಖ ಹುಳಿ. ಹಿಂದಿನ ಗೋಡೆ ತುಂಬಾ ಬೆತ್ತಲೆ ದೇವತೆಯರ ಚಿತ್ರ. ಕೆಳಗೆ ಬರೆದಿರುವುದು ಹೆಚ್ಚುಕಮ್ಮಿ ಹೀಗೆ: “ಈ ವರ್ಷವೂ ವೀನಸ್‌ಗಳೇ… ಯಾವಾಗ ನೋಡಿದರೂ ವೀನಸ್‌ಗಳೇ… ಇಂಥ ಮೈಕಟ್ಟಿನ ಹೆಂಗಸರು ಎಲ್ಲಾದರೂ ಇದ್ದಾರೇನೋ ಅನ್ನೋ ಹಾಗೆ!” ಹಿಂದಿನ ವರ್ಷ ಪ್ಯಾರಿಸ್‌ನ ದೊಡ್ಡ ಸರ್ಕಾರಿ ಚಿತ್ರ ಪ್ರದರ್ಶನವಾದ ಸಲೋನ್‌ನಲ್ಲಿ ಕಬಾನೆಲ್ ಬರೆದ ‘ವೀನಸ್‌ಳ ಜನನ’ವನ್ನು ಚಕ್ರವರ್ತಿ 3ನೇ ನೆಪೋಲಿಯನ್ ತಾನೇ ಕೊಂಡಿದ್ದ. ದೊರೆಗೆ ಹಿಡಿಸಿದ್ದು ಮಾರುಕಟ್ಟೆಗೂ ಹಿಡಿಸುತ್ತದೆ ಅಲ್ವಾ? ದೋಮಿಯೆಯ ಏಟು ಎರಡೂ ಕಡೆ ಬೀಳುತ್ತದೆ. ತೀರ್ಪುಗಾರರಿಗೆ ಬೇಕಾದ್ದನ್ನೇ ಬರೆಯುವ ಕಲಾವಿದರಿಗೆ ಒಂದು. ಟಿಕೆಟ್ ತೆಗೆದುಕೊಂಡು ಬಂದು ತನ್ನ ಸೊಂಟದ ಅಳತೆಯಲ್ಲೇ ಚಿತ್ರ ಅಳೆಯುವ ಜನಕ್ಕೆ ಇನ್ನೊಂದು.

ಹಾಳೆಯ ಅಳತೆ 34.8 × 25.4 ಸೆಂ.ಮೀ. ಬಣ್ಣ ಕಡು ಕೆನೆ, ಅಂಚಿನಲ್ಲಿ ಕಂದು. ದೋಷಗಳು: ಹಿಂಬದಿಯ ಮೂರು ಮೂಲೆಯಲ್ಲಿ ನೀರಂಟಿನ ಕಂದು ಕಾಗದದ ಪಟ್ಟಿ, ನಾಲ್ಕನೆಯದರಲ್ಲಿ ಸೆಲ್ಲೋ ಟೇಪು. ಕೆಳಗೆ 4.5 ಸೆಂ.ಮೀ. ಹರಿದಿದೆ, ಮಾತಿನ ಸಾಲಿನೊಳಗೆ ನುಗ್ಗಿದೆ. ಬಲ ಅಂಚಿನಲ್ಲಿ ಯಾರೋ ಹಳೇ ಸಂಗ್ರಾಹಕರ ನೇರಳೆ ಮುದ್ರೆ. ಎರಡು ಅಡ್ಡ ಮಡಿಕೆ.

2. ಒಣ ಸ್ವಚ್ಛತೆ

ಪ್ಲಾಸ್ಟಿಕ್ ರಬ್ಬರನ್ನು ಶುಂಠಿ ತುರಿಯುವ ಸಣ್ಣ ತುರಿಮಣೆಯಲ್ಲಿ ತುರಿದೆ. ಪುಡಿಯನ್ನು ಹಿಂಬದಿಯ ಮೇಲೆ ಹರಡಿ, ಬೆರಳ ತುದಿಯಲ್ಲಿ ವೃತ್ತಾಕಾರವಾಗಿ ಉರುಳಿಸಿ, ಅಗಲ ಮೆತ್ತನೆ ಕುಂಚದಿಂದ ಗುಡಿಸಿದೆ. ಪುಡಿ ಬೂದಿ ಬಣ್ಣಕ್ಕೆ ತಿರುಗಿತು. ಚಿತ್ರವಿರುವ ಮಗ್ಗುಲಲ್ಲಿ ಅಂಚುಗಳನ್ನು ಮಾತ್ರ ಮುಟ್ಟಿದೆ. ಲಿಥೋ ಮಸಿ ಕಾಗದದ ಮೇಲೆಯೇ ಕೂತಿರುತ್ತದೆ. ಕ್ರೆಯಾನಿನ ಕಾಳುಕಾಳು ನೆರಳನ್ನು ರಬ್ಬರ್ ಉಜ್ಜಿದರೆ ಬೂದು ಮಸುಕಾಗುತ್ತದೆ. ಅದನ್ನು ಸರಿಮಾಡಲು ಆಗುವುದಿಲ್ಲ.

3. ತೊಳೆಯಬೇಕೋ ಬೇಡವೋ

ಇದರಲ್ಲೇ ಜಾಸ್ತಿ ಹೊತ್ತು ಹೋಯಿತು. ಹಳೇ ಕಾಗದವನ್ನು ನೀರಿನಲ್ಲಿ ತೊಳೆದರೆ ಆಮ್ಲ ಹೋಗುತ್ತದೆ, ಹಳದಿ ಇಳಿಯುತ್ತದೆ, ಕಾಗದ ಸ್ವಲ್ಪ ಮೆತ್ತಗಾಗುತ್ತದೆ. ಬಿಡಿ ಹಾಳೆಯೊಂದರಲ್ಲಿ ಮಾಡಿ ನೋಡಿದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ತಂದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲದ ಕಡೆಗೇ ವಾಲಿರುತ್ತದೆ. ಲ್ಯಾಬ್ ಅಂಗಡಿಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಸಿ, ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಚಮಚದಲ್ಲಿ ಸೇರಿಸುತ್ತಾ ಹೋದೆ. ಪಿಎಚ್ ಪಟ್ಟಿ 8 ತೋರಿಸಿದಾಗ ನಿಲ್ಲಿಸಿದೆ. ಎಲೆಅಡಿಕೆಯ ಸುಣ್ಣವೂ ಮೂಲತಃ ಇದೇ ವಸ್ತು. ಆದರೆ ಅದರಲ್ಲಿ ಬೇರೆ ಏನೇನು ಬೆರೆತಿದೆ ಎಂದು ಗೊತ್ತಾಗುವುದಿಲ್ಲ, ಕಾಗದಕ್ಕೆ ಬೇಡ.

ಬಿಡಿ ಹಾಳೆಯನ್ನು ಪಾಲಿಯೆಸ್ಟರ್ ಜಾಳಿಗೆಯ ಮೇಲಿಟ್ಟು ಟ್ರೇಗೆ ಇಳಿಸಿದೆ. ಅರ್ಧ ಗಂಟೆಯಲ್ಲಿ ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ಬಂತು. ಮೊಳೆ ಅಚ್ಚಿನ ಮಸಿ ಒಂಚೂರೂ ಅಲ್ಲಾಡಲಿಲ್ಲ, ಅದು ಎಣ್ಣೆ ಮಸಿ. ಒಣಗಿದ ಮೇಲೆ ಹಾಳೆ ಎರಡು ಛಾಯೆ ಬೆಳ್ಳಗಿತ್ತು. ಆಸೆಯಾಯಿತು.

ಆಮೇಲೆ ಚಿತ್ರದ ಹಾಳೆಯ ನೇರಳೆ ಮುದ್ರೆಯ ಪರೀಕ್ಷೆ. ಟೂತ್‌ಪಿಕ್ ತುದಿಯಲ್ಲಿ ಒಂದು ಹನಿ ನೀರು ಮುಟ್ಟಿಸಿ, ಬ್ಲಾಟಿಂಗ್ ಪೇಪರ್ ಚೂರು ಒತ್ತಿದೆ. ಚೂರಿನ ಮೇಲೆ ನೇರಳೆ ಚುಕ್ಕೆ. ಅಲ್ಲಿಗೆ ತೊಳೆಯುವ ಯೋಚನೆ ಮುಗಿಯಿತು. ಮುದ್ರೆಯ ಮೂಲೆ ಒಂದನ್ನು ಒಣಗಿಟ್ಟು ಉಳಿದದ್ದನ್ನು ನೆನೆಸೋಣ ಎಂದರೆ, ಒದ್ದೆ ಒಣ ಸೇರುವ ಕಡೆ ಕಂದು ಗೆರೆ ಏಳುತ್ತದೆ. ಇನ್ನೊಂದು ಬಿಡಿ ಹಾಳೆಯಲ್ಲಿ ಅದನ್ನೂ ನೋಡಿದೆ, ಸರಿಯಾಗಿ ಎದ್ದಿತು.

ಮುದ್ರೆ ಹೋದರೆ ಹೋಗಲಿ ಎಂದು ಒಬ್ಬ ಗೆಳೆಯ ಹೇಳಿದ. ನನಗೆ ಒಪ್ಪಿಗೆಯಾಗಲಿಲ್ಲ. ಹಿಂಬದಿಯ ಸುದ್ದಿ ಉಳಿಸಿಕೊಳ್ಳುವ ಸಲುವಾಗಿಯೇ ಇಷ್ಟೆಲ್ಲಾ ಪಾಡು. ಹಾಳೆಯನ್ನು ಕಿತ್ತು ಇಟ್ಟುಕೊಂಡವನ ಗುರುತನ್ನು ಅಳಿಸಿದರೆ ಅರ್ಧ ಕಥೆ ಹೋದ ಹಾಗೆ. ಬ್ಲೀಚ್ ಮಾಡಿಸಿ ಬೆಳ್ಳಗೆ ಮಾಡಿಸುವವರೂ ಇದ್ದಾರೆ. ದೋಮಿಯೆಯ ಇಂಥ ಚಿತ್ರಗಳನ್ನು ಹಿಂದೆ ಅಕ್ಷರವಿಲ್ಲದ ಬಿಳೀ ದಪ್ಪ ಕಾಗದದ ಮೇಲೂ ಅಚ್ಚು ಹಾಕುತ್ತಿದ್ದರು. ಸಂಗ್ರಾಹಕರು ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಪತ್ರಿಕೆಯ ಹಾಳೆಯನ್ನು ಉಜ್ಜಿ ಉಜ್ಜಿ ಅದರಂತೆ ಕಾಣಿಸುವುದು ನನಗೆ ಬೇಡ. ಬೇಕಾದವರು ದುಡ್ಡು ಕೊಟ್ಟು ಬಿಳಿಯದನ್ನೇ ಕೊಳ್ಳಲಿ.

ನಷ್ಟ ಏನೆಂದರೆ ಆಮ್ಲ ಒಳಗೇ ಉಳಿಯಿತು. ಅದಕ್ಕೆ ಕ್ಷಾರ ಸೇರಿಸಿದ ಹತ್ತಿಯ ಬೋರ್ಡು (ಹತ್ತಿ ನಾರಿನ ರಟ್ಟು) ಹಾಕಿದ್ದೇನೆ. ಅದು ತೊಳೆದದ್ದಕ್ಕೆ ಸಮ ಅಲ್ಲ.

4. ಪಟ್ಟಿ, ಟೇಪು

ನೀರಂಟಿನ ಪಟ್ಟಿಗೆ ನೀರು ಬೇಕು, ಹಾಳೆಗೆ ನೀರು ಬೇಡ. ಮಿಥೈಲ್ ಸೆಲ್ಯುಲೋಸ್ ಪುಡಿಯನ್ನು ಗಟ್ಟಿ ಲೋಳೆಯಾಗಿ ಕಲಸಿ ಪಟ್ಟಿಯ ಮೇಲೆ ಮಾತ್ರ 2 ಮಿ.ಮೀ. ದಪ್ಪ ಹಚ್ಚಿದೆ. ಲೋಳೆ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹತ್ತು ನಿಮಿಷಕ್ಕೆ ಪಟ್ಟಿಯ ಅಂಚು ಏಳುತ್ತದೆ. ಚಪ್ಪಟೆ ಸ್ಪಾಟುಲಾ ತೂರಿಸಿ ಎತ್ತಿ, ಕೆಳಗೆ ಉಳಿದ ಅಂಟನ್ನು ಒದ್ದೆ ಹತ್ತಿಯಿಂದ ಒರೆಸಿ, ತಕ್ಷಣ ಬ್ಲಾಟರ್ ಒತ್ತಿದೆ. ಎರಡು ಮೂಲೆ ಚೆನ್ನಾಗಿ ಬಂದವು. ಮೂರನೆಯದರಲ್ಲಿ ಲೋಳೆ ಪಟ್ಟಿಯಿಂದ ಆಚೆ ಜಾರಿ, ತೆಳು ಕಂದು ಗೆರೆ ಉಳಿಯಿತು. ಅಂಚಿನಿಂದ 9 ಮಿ.ಮೀ. ಒಳಗೆ. ಬೋರ್ಡಿನ ಕೆಳಗೆ ಮುಚ್ಚಿಹೋಗುತ್ತದೆ.

ಸೆಲ್ಲೋ ಟೇಪು ಬೇರೆ ಜಾತಿ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಹಿಡಿದರೆ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸಲೀಸಾಗಿ ಬರುತ್ತದೆ. ಉಳಿಯುವುದು ಜೇನು ಬಣ್ಣದ ಅಂಟು. ಕ್ರೇಪ್ ರಬ್ಬರಿನಿಂದ ಉರುಳಿಸಿ ತೆಗೆದೆ. ಅದರ ಕೆಳಗಿನ ಕಲೆ ಕಾಗದದೊಳಗೆ ಇಳಿದಿತ್ತು. ಬಿಡಿ ಹಾಳೆಯಲ್ಲೂ ಅಂಥದೇ ಟೇಪಿನ ಕಲೆಯಿತ್ತು, ಅಸಿಟೋನ್ ಮುಟ್ಟಿಸಿದೆ. ಕಲೆ ಹೊರಗೆ ಬರುವ ಬದಲು ಸುತ್ತ ಉಂಗುರವಾಗಿ ಹರಡಿತು. ಪಕ್ಕದ ಅಕ್ಷರವೊಂದರ ಮಸಿಯೂ ಹತ್ತಿಗೆ ಬಂತು. ನೀರಿಗೆ ಜಗ್ಗದ ಮಸಿ ಅಸಿಟೋನಿಗೆ ಜಗ್ಗಿತು. ಆದ್ದರಿಂದ ಚಿತ್ರದ ಹಾಳೆಯ ಕಲೆ ಇದ್ದ ಹಾಗೆಯೇ ಇದೆ. ಹಿಂಬದಿ ತೋರಿಸುವಾಗ ಎಡ ಮೇಲ್ತುದಿಯಲ್ಲಿ ಕಾಣುತ್ತದೆ.

5. ಅಂಟು

ಪೋಸ್ಟರ್ ಹಚ್ಚುವವರ ಮೈದಾ ಅಂಟು ಇಲ್ಲಿ ನಡೆಯುವುದಿಲ್ಲ. ಮೈದಾದಲ್ಲಿರುವ ಜಿಗುಟು ಕಾಲಕ್ರಮೇಣ ಹಳದಿಯಾಗಿ ಗಡುಸಾಗುತ್ತದೆ. ಜಿರಲೆಗೂ ಪುಸ್ತಕದ ಹುಳುವಿಗೂ ಬಲು ಇಷ್ಟ. ಬೇಕಾದ್ದು ಗೋಧಿಯ ಪಿಷ್ಟ ಮಾತ್ರ. ಆಮದಿನದು ದುಬಾರಿ, ಮನೆಯಲ್ಲೇ ತೆಗೆದೆ.

ಮೈದಾ 250 ಗ್ರಾಂ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಟ್ಟೆ. ನೀರಿನ ಪಾತ್ರೆಯೊಳಗೆ ಮುಳುಗಿಸಿ ನಾದಿದರೆ ಬಿಳೀ ಹಾಲು ಬಿಡುತ್ತದೆ, ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಮೇಲಿನ ನೀರು ಚೆಲ್ಲುವಾಗ ಅಮ್ಮ ಬಂದರು. “ಅಲ್ಲಾಡಿಸಬೇಡ ಕಣೋ, ಗೋಧಿ ಹಾಲುಬಾಯಿಗೆ ಬಸಿಯೋ ಹಾಗೆ ನಿಧಾನಕ್ಕೆ ಬಸಿ. ಕೆಳಗಿರೋದೇ ಬೇಕಾಗಿರೋದು.” ಅವರು ಹೇಳಿದಂತೆ ಬಸಿದು, ಹೊಸ ನೀರು ಹಾಕಿ, ಮತ್ತೆ ಕೂರಿಸಿದೆ. ಮೇಲಿನ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಕೆಳಗೆ ಕೂತ ಬಿಳಿಯನ್ನು ಬಟ್ಟೆಯ ಮೇಲೆ ಒಣಗಿಸಿದರೆ ಮುಟ್ಟಿದರೆ ಕಿರ್ರೆನ್ನುವ ಪುಡಿ.

ಒಂದು ಭಾಗ ಪುಡಿಗೆ ನಾಲ್ಕು ಭಾಗ ನೀರು. ಮೊದಲ ಸಲ ನೇರ ಉರಿಯ ಮೇಲೆ ಕಾಸಿ, ತಳ ಹಿಡಿದು ಗಂಟಾಯಿತು. ಎರಡನೇ ಸಲ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು, ಸಣ್ಣ ಉರಿಯಲ್ಲಿ 25 ನಿಮಿಷ ಬಿಡದೆ ತಿರುವಿದೆ. ಬಿಳುಪು ಹೋಗಿ ಅರೆಪಾರದರ್ಶಕವಾಗಿ, ಚಮಚದಿಂದ ಹಾಳೆಯಂತೆ ಬೀಳಬೇಕು. ಆರಿದ ಮೇಲೆ ಟೀ ಸೋಸುವ ಜರಡಿಯಲ್ಲಿ ಕುಂಚದಿಂದ ಒತ್ತಿ ಒತ್ತಿ ಸೋಸಿ, ಬೇಕಾದಷ್ಟೇ ನೀರು ಸೇರಿಸಿದೆ. ಹುಳುವಿನ ಭಯ ಇದಕ್ಕೂ ಇದ್ದೇ ಇದೆ, ಕಡಿಮೆ ಅಷ್ಟೇ. ಬೇಕೆಂದಾಗ ನೀರಿನಲ್ಲಿ ಬಿಡಿಸಬಹುದು ಎನ್ನುವುದೇ ಇದರ ದೊಡ್ಡ ಗುಣ.

6. ಹರಿದದ್ದು

ಜಪಾನಿನ ಕೋಜೊ ತೊಗಟೆಯ ತೆಳು ಕಾಗದ, ಒಂದು ಹಾಳೆ 850 ರೂಪಾಯಿ. ಕತ್ತರಿ ಹಾಕಬಾರದು. ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಹರಿದರೆ ಅಂಚಿನಲ್ಲಿ ನಾರು ಚಾಚಿಕೊಂಡಿರುತ್ತದೆ, ಹಿಡಿತಕ್ಕೆ ಅದೇ ಬೇಕು. 6 ಮಿ.ಮೀ. ಅಗಲದ ಪಟ್ಟಿಗಳು.

ಅಂಟು ಹಚ್ಚಿದ ಜಾಗಕ್ಕೂ ಬ್ಲಾಟರಿಗೂ ನಡುವೆ ಅಂಟದ ಬಟ್ಟೆ ಬೇಕು. ಟೈಲರ್ ಸಾಮಾನಿನ ಅಂಗಡಿಯಲ್ಲಿ ತೆಳು ಬಕ್ರಂ ಕೇಳಿದೆ. ಕೊಟ್ಟದ್ದು ಇಸ್ತ್ರಿ ಹಾಕಿದರೆ ಅಂಟುವ ಜಾತಿ. ನೋಡಿದರೆ ಗೊತ್ತಾಗುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಮಗ್ಗುಲಲ್ಲಿ ಸಣ್ಣ ಚುಕ್ಕೆಗಳು ಮಿಂಚುತ್ತವೆ. ಬಿಡಿ ಹಾಳೆಯ ಮೇಲೆ ಬೆಚ್ಚಗಿನ ಸ್ಪಾಟುಲಾದಿಂದ ಒತ್ತಿದಾಗ ಹಾಳೆಗೆ ಕಚ್ಚಿಕೊಂಡಿತು. ವಾಪಸ್ ಹೋಗಿ “ಅಂಟಿಲ್ಲದ್ದು ಕೊಡಿ” ಎಂದು ಕೇಳಿ ತಂದೆ, ಮೀಟರಿಗೆ 40 ರೂಪಾಯಿ.

ಹರಿದ ಗೆರೆಯಲ್ಲಿ ಕಾಗದ ಓರೆಯಾಗಿ ಸೀಳಿತ್ತು, ಒಂದು ತುಟಿ ಮೇಲೆ, ಒಂದು ಕೆಳಗೆ. ಮೇಲಿನದು ಮೇಲೆಯೇ ಕೂರಬೇಕು. ತಲೆಕೆಳಗಾದರೆ ಮುಂದೆ ಬಿಳಿ ಗೆರೆ ಕಾಣುತ್ತದೆ. ಭೂತಗನ್ನಡಿ ಹಿಡಿದು ‘ವೀನಸ್’ ಪದದ ಅಕ್ಷರಗಳ ಕಾಲು ತಲೆ ಸೇರಿಸಿ, ಹಿಂಬದಿಯಿಂದ 1.5 ಸೆಂ.ಮೀ. ತುಂಡುಗಳಾಗಿ ಪಟ್ಟಿ ಹಾಕಿದೆ. ಒಂದೇ ಉದ್ದ ಪಟ್ಟಿ ಹಾಕಿದರೆ ಒಣಗುವಾಗ ಎಳೆದು ಸುಕ್ಕಾಗುತ್ತದೆ. ಹಿಂದಿನ ಸುದ್ದಿಯ ಸಾಲುಗಳು ಪಟ್ಟಿಯ ಕೆಳಗಿನಿಂದಲೂ ಓದಲು ಬರುತ್ತವೆ.

ಮಡಿಕೆ ತೆಗೆಯಲು ಹಾಳೆಗೆ ತೇವ ಮಾತ್ರ ಕೊಟ್ಟೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಜಾಳಿಗೆ, ಮೇಲೆ ಹಾಳೆ. ನಲವತ್ತು ನಿಮಿಷ. ಮುದ್ರೆ ಹರಡಲಿಲ್ಲ. ಆಮೇಲೆ ಬ್ಲಾಟರುಗಳ ನಡುವೆ ಇಟ್ಟು, ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ಗ್ರಾನೈಟ್ ಹಲಗೆ ಹೇರಿದೆ. ಮಳೆಗಾಲವಾದ್ದರಿಂದ ಬ್ಲಾಟರ್ ಆಗಾಗ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

7. ಬೋರ್ಡು

ಹತ್ತಿಯ ಬೋರ್ಡು ಎರಡು ತುಂಡು, 46 × 37 ಸೆಂ.ಮೀ., 1.5 ಮಿ.ಮೀ. ದಪ್ಪ. ಎರಡರಲ್ಲೂ ಒಂದೇ ಕಿಟಕಿ, 31.6 × 22.6. ಹಾಳೆಯ ಮೇಲೆ ಕೆಳಗೆ 16, ಅಕ್ಕಪಕ್ಕ 14 ಮಿ.ಮೀ. ಬೋರ್ಡಿನಡಿ ಹೋಗುತ್ತದೆ. ನೇರಳೆ ಮುದ್ರೆ ಅಂಚಿಗೆ ಬಹಳ ಹತ್ತಿರವಿತ್ತು. ಅದರ ಅರ್ಧ ಮುಚ್ಚಿಹೋಗುತ್ತದೆ ಎಂದು ಆ ಒಂದು ಕಡೆ ಮಾತ್ರ ಕಿಟಕಿಯನ್ನು 6 ಮಿ.ಮೀ. ಅಗಲ ಮಾಡಿದೆ. ಸ್ವಲ್ಪ ಸೊಟ್ಟ ಕಾಣುತ್ತದೆ, ಇರಲಿ.

ಬಿಡಿ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟಿಸಿ ನೋಡಿದ್ದೆ. ಒಂದು ಜೋರು ಮಳೆ ಬಂದು ಹೋದ ಮೇಲೆ ನಡುವೆ ಅಲೆ ಎದ್ದಿತ್ತು. ಕಾಗದಕ್ಕೆ ಹಿಗ್ಗಲು ಜಾಗ ಬೇಕು. ಚಿತ್ರಕ್ಕೆ ಮೇಲಂಚಿನಲ್ಲಿ ಎರಡು ಕೋಜೊ ಪಟ್ಟಿ ಮಾತ್ರ. ಕೆಳಗಿನ ಎರಡು ಮೂಲೆ ಕಾಗದದ ಜೇಬುಗಳಲ್ಲಿ ಸಡಿಲವಾಗಿ ಕೂತಿವೆ.

8. ಚೌಕಟ್ಟು, ಕೀಲು

ಫ್ರೇಮ್ ಅಂಗಡಿಯವರಿಗೆ ಎರಡೂ ಕಡೆ 3 ಮಿ.ಮೀ. ಅಕ್ರಿಲಿಕ್ ಎಂದು ಹೇಳಿದೆ. ಅವರು ಅಳತೆ ಬರೆದುಕೊಂಡು ಕೇಳಿದರು: “ಅಲ್ಲ ಸಾರ್, ಗೋಡೆಗೆ ನೇತು ಹಾಕಿದ ಮೇಲೆ ಹಿಂದುಗಡೆ ಯಾರಿಗೆ ಕಾಣುತ್ತೆ? ಗೋಡೆಗಾ?” ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರೇ ಹೇಳಿದರು: “ಕಿಟಕಿ ರೆಕ್ಕೆ ಥರ ಕೀಲು ಹಾಕ್ಸಿ. ಬೇಕಾದಾಗ ತೆಗೀರಿ.”

ತೇಗದ ಪಟ್ಟಿ, ಒಳಗಡೆ ಎಲ್ಲಾ ಪದರ ಕೂರಲು ಕೊರೆದ ಗಾಡಿಯ ಆಳ 12 ಮಿ.ಮೀ. ಅಕ್ರಿಲಿಕ್ 3, ಬೋರ್ಡು 1.5, ಹಾಳೆ, ಬೋರ್ಡು 1.5, ಅಕ್ರಿಲಿಕ್ 3, ಒಟ್ಟು 9ಕ್ಕೆ ಸ್ವಲ್ಪ ಮೇಲೆ. ಉಳಿದ ಜಾಗಕ್ಕೆ ತೆಳು ಮರದ ರೀಪರ್, ಸಣ್ಣ ಸ್ಕ್ರೂ. ಗೋಡೆಗೆ ಮೊದಲು ಒಂದು ಮರದ ಪಟ್ಟಿ, ಅದಕ್ಕೆ ಒಂದೂವರೆ ಇಂಚಿನ ಎರಡು ಕೀಲು ಹಾಕಿದೆವು. ತೆರೆದಾಗ ಆಚೆ ತುದಿ 5 ಮಿ.ಮೀ. ಕೆಳಗೆ ಜಗ್ಗಿತು. ಮುಚ್ಚಿದರೆ ಮ್ಯಾಗ್ನೆಟ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಬಿಚ್ಚಿ, ಉದ್ದಕ್ಕೂ ಪಿಯಾನೊ ಹಿಂಜ್ ಹಾಕಿದೆವು. ಈಗ ಗಟ್ಟಿ.

ಮುಚ್ಚಿದಾಗ ಹೊಸ ಸಮಸ್ಯೆ. ಹಿಂದಿನ ಬಿಳಿ ಗೋಡೆಯ ಬೆಳಕು ಕಾಗದವನ್ನು ದಾಟಿ ಬಂದು, ಹಿಂಬದಿಯ ಅಕ್ಷರಗಳು ಹೆಂಗಸರ ಮುಖದ ಮೇಲೆ ತಿರುಗುಮುರುಗಾಗಿ ಮೂಡುತ್ತಿದ್ದವು. ಗೋಡೆಗೆ ಕಪ್ಪು ಕಾರ್ಡು ಹಚ್ಚಿದೆ. ಅಕ್ಷರ ಮರೆಯಾಯಿತು, ಕಾಗದವೂ ಮಂಕಾಯಿತು. ಕೊನೆಗೆ ಕಡು ಬೂದು ಕಾರ್ಡು ಸರಿಹೋಯಿತು.

ಖರ್ಚು: ಬೋರ್ಡು 1,350, ಕೋಜೊ 850, ಅತಿನೇರಳೆ ತಡೆಯುವ ಅಕ್ರಿಲಿಕ್ 2,400, ಚೌಕಟ್ಟು 2,800, ಕೀಲು ಮ್ಯಾಗ್ನೆಟ್ 310, ಬ್ಲಾಟರ್ ಇತ್ಯಾದಿ 600, ಮಿಥೈಲ್ ಸೆಲ್ಯುಲೋಸ್ 420. ಒಟ್ಟು 8,730 ರೂಪಾಯಿ. ಚಿತ್ರಕ್ಕಿಂತ ಚೌಕಟ್ಟೇ ದುಬಾರಿ. ಸಲೋನ್‌ನ ಚಿನ್ನದ ಚೌಕಟ್ಟುಗಳನ್ನು ನೋಡಿ ನಕ್ಕವನ ಹಾಳೆಗೆ ಈ ಗತಿ.

9. ಎರಡನೇ ಚಿತ್ರ, ಇನ್ನೂ ಆಗಿಲ್ಲ

1865ರದು. ಬಯಲಿನಲ್ಲಿ ಇಬ್ಬರು ನಿಸರ್ಗ ಚಿತ್ರಕಾರರು, ಒಬ್ಬನ ಹಿಂದೆ ಒಬ್ಬ. ಮೊದಲನೆಯವನು ಪ್ರಕೃತಿಯನ್ನು ನಕಲು ಮಾಡುತ್ತಾನೆ, ಎರಡನೆಯವನು ಮೊದಲನೆಯವನನ್ನು ನಕಲು ಮಾಡುತ್ತಾನೆ ಎಂದು ಕೆಳಗೆ ಬರೆದಿದೆ. ನನಗೆ ವೀನಸ್‌ಗಿಂತ ಇದೇ ಇಷ್ಟ. ಆದರೆ ಇದನ್ನು ಪೂರ್ತಿ ಹಾಳೆ ರಟ್ಟಿಗೆ ಅಂಟಿಸಿಬಿಟ್ಟಿದ್ದಾರೆ, ಹಿಂದಿನ ಸುದ್ದಿ ಎಲ್ಲಾ ಅಂಟಿನೊಳಗೆ. ರಟ್ಟು 2 ಮಿ.ಮೀ. ಚಿತ್ರವನ್ನು ಕೆಳಮುಖವಾಗಿಟ್ಟು, ಚಪ್ಪಟೆ ಅಲಗಿನಿಂದ ರಟ್ಟನ್ನು ಪದರ ಪದರವಾಗಿ ಸೀಳುತ್ತಾ ಬಂದಿದ್ದೇನೆ. ರಟ್ಟನ್ನು ಹಾಳೆಯಿಂದ ಕೀಳುವುದಲ್ಲ, ಹಾಳೆಯನ್ನು ಬಗ್ಗಿಸದೆ ರಟ್ಟನ್ನು ಮಾತ್ರ ಕಡಿಮೆ ಮಾಡುತ್ತಾ ಹೋಗುವುದು. ಈಗ ಕೊನೆಯ ಬೂದು ಪದರ ಉಳಿದಿದೆ. ಒಂದು ಮೂಲೆಯಲ್ಲಿ ಲೋಳೆ ಹಚ್ಚಿದೆ. ಇಪ್ಪತ್ತು ನಿಮಿಷವಾದರೂ ಅಂಟು ಮೆತ್ತಗಾಗಲಿಲ್ಲ, ಯಾವ ಅಂಟೋ ಗೊತ್ತಾಗಲಿಲ್ಲ. ಬೆಚ್ಚಗೆ ಮಾಡಿದ ಲೋಳೆಗೆ ಸ್ವಲ್ಪ ಜಗ್ಗಿತು, ಜೊತೆಗೆ ಕಾಗದದ ನಾರೂ ಎದ್ದಿತು, ಅಲ್ಲಿಗೇ ಬಿಟ್ಟೆ. ಈ ಹಾಳೆಯ ಮೇಲೆ ಮುದ್ರೆ ಇಲ್ಲ, ಅಂದರೆ ಪೂರ್ತಿ ನೆನೆಸಬಹುದು. ಮಳೆ ಕಡಿಮೆಯಾಗಿ ಬ್ಲಾಟರುಗಳು ಬೇಗ ಒಣಗುವ ಕಾಲಕ್ಕೆ, ಬೆಚ್ಚಗಿನ ಸುಣ್ಣದ ತಿಳಿನೀರಿನಲ್ಲಿ ಇಳಿಸಿ ನೋಡುತ್ತೇನೆ. ಅಲ್ಲಿಯವರೆಗೆ ಅದು ಗ್ರಾನೈಟ್ ಹಲಗೆಯ ಕೆಳಗೆ.